ಮೇಷ್ಟ್ರ ಉಸಿರು, ನಿಮ್ಮ ಕಾಮಾ

ಪ್ರೆಸ್ಸಿನ ಕರಡು ಕೋಣೆ
ಮಂಗಳವಾರ, ಊಟದ ಬಿಡುವು

ಅಣ್ಣನ ಮನೆಯಲ್ಲಿ ಬೇರು ಬಿಟ್ಟಿರುವ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಕಣ್ಣುರಿ ಕಡಿಮೆಯಾಯಿತೆ? ಭಾವನವರು ಈಗ ಕೋಲಿಲ್ಲದೆ ಬೀದಿಯ ತುದಿಯವರೆಗೆ ಹೋಗಿಬರುತ್ತಾರೆಂದು ಅಕ್ಕ ಬರೆದಿದ್ದರು. ಓದಿ ಮನಸ್ಸು ಹಗುರವಾಯಿತು, ಹಿಂದೆಯೇ ನಿಮ್ಮ ಮೇಲೆ ಸಿಟ್ಟೂ ಬಂತು. ಬಿದ್ದ ಅಣ್ಣನನ್ನು ನೋಡಿಕೊಳ್ಳಲು ಹೋದವರು ನೀವು. ಅವರು ಎದ್ದು ಓಡಾಡುತ್ತಿದ್ದರೂ ನೀವು ಬರುವ ಸುದ್ದಿಯಿಲ್ಲ. ನಾನೂ ಮಗಳೂ ಚೆನ್ನಾಗಿದ್ದೇವೆ.

ಇಲ್ಲಿ ಇಂಗ್ಲಿಷ್ ವ್ಯಾಕರಣದ ಪುಸ್ತಕವೊಂದು ಅಚ್ಚಿಗೆ ಬಂದಿದೆ. ನಿಮ್ಮ ಕುರ್ಚಿಯಲ್ಲಿ ಕೂತು ನನಗೆ ಮೂಲಪ್ರತಿ ಓದಿ ಹೇಳಲು ಸದ್ಯಕ್ಕೆಂದು ಒಬ್ಬ ನಿವೃತ್ತ ಮೇಷ್ಟ್ರು ಬರುತ್ತಾರೆ. ತುಂಬ ಒಳ್ಳೆಯವರು. ಆದರೆ ನಿಮ್ಮ ಹಾಗೆ ಕಾಮಾ, ಫುಲ್‌ಸ್ಟಾಪುಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಅವರು ನಿಂತಲ್ಲೆಲ್ಲ ನಾನು ಕರಡಿನಲ್ಲಿ ಕಾಮಾ ಹಾಕುತ್ತಾ ಹೋದೆ. ಪಾಪ, ಅವರು ನಿಲ್ಲುತ್ತಿದ್ದದ್ದು ದಮ್ಮಿಗೆ. ಪಾಠವೇನೋ ಸುಲಭದ್ದೇ: ವೆನ್, ಇಫ್, ಬಿಕಾಸ್ ಇರುವ ತುಂಡು ಮೊದಲು ಬಂದರೆ ಅದರ ಕೊನೆಗೆ ಕಾಮಾ, ಮುಖ್ಯ ಮಾತು ಮೊದಲು ಬಂದರೆ ಸಾಮಾನ್ಯವಾಗಿ ಬೇಡ. ನಾನು ಎರಡಕ್ಕೂ ಧಾರಾಳವಾಗಿ ಹಂಚಿದ್ದೆ. ಮಾಲೀಕರು ಕರಡು ನೋಡಿ, "ಏನಮ್ಮಾ, ಮೇಷ್ಟ್ರ ಉಸಿರನ್ನೂ ಅಚ್ಚು ಹಾಕ್ತೀಯಾ?" ಅಂದರು. ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡು ಬಂದೆ.

ನಮ್ಮ ಕನ್ನಡದಲ್ಲಿ "ನೀವು ಬಂದ ಮೇಲೆ" ಎನ್ನುವುದೇ ಸಾಮಾನ್ಯವಾಗಿ ಮೊದಲು ಬರುತ್ತದೆ, ನೋಡಿ. ನನ್ನ ಸಂಸಾರವೂ ಈಗ ಹಾಗೇ ನಡೆದಿದೆ. ನೀವು ಬಂದ ಮೇಲೆ ಕಿಟಕಿಯ ಚಿಲಕ ಹಾಕಿಸೋಣ, ನೀವು ಬಂದ ಮೇಲೆ ಮಗಳಿಗೆ ಸೈಕಲ್ ಕಲಿಸೋಣ. ಮೊದಲರ್ಧವನ್ನು ಹೇಳಿ ಹೇಳಿ ನಾಲಿಗೆ ಸವೆಯಿತು. ಸುತ್ತಿಬಳಸಿ ಏಕೆ ಹೇಳಲಿ, ನೀವಿಲ್ಲದೆ ನನಗೆ ಆಗುತ್ತಿಲ್ಲ. ಎದುರು ಕೂತು ಓದುವ ನಿಮ್ಮ ದನಿ ಬೇಕು.

ಭಾವನವರಿಗೂ ಅಕ್ಕನಿಗೂ ನನ್ನ ನಮಸ್ಕಾರ ತಿಳಿಸಿ. ಮಗಳು ಮುತ್ತು ಕಳಿಸಿದ್ದಾಳೆ.

ನಿಮ್ಮ,
ಎದುರು ಕುರ್ಚಿಯವಳು

ವಿ.ಸೂ.: ಮೇಷ್ಟ್ರನ್ನೇ ಕಾಯಂ ಮಾಡಿಕೊಳ್ಳಲೇ ಎಂದು ನಿನ್ನೆ ಮಾಲೀಕರು ಕೇಳಿದರು. "ಬೇಡ, ಬರೋ ಸೋಮವಾರ ನಮ್ಮವರು ಬರ್ತಾರೆ" ಅಂದುಬಿಟ್ಟೆ. ನಿಮ್ಮನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನೀವು ಅಣ್ಣನ ಮುಖ ನೋಡುತ್ತಿದ್ದಿರಿ. ಮಗಳಿಗೂ ಹೇಳಿಯಾಗಿದೆ. ಆಗಲೇ ಬಾಗಿಲ ಕಡೆ ನೋಡಲು ಶುರುಮಾಡಿದ್ದಾಳೆ, ನಾನೂ ಅಷ್ಟೆ.