ಹಾಸ್ಟೆಲ್ ಕೆಳಗೆ ನಿಂತು ಕರೆದದ್ದು

ಮನೆಯಿಂದ,
ಮಂಗಳವಾರ ಮಧ್ಯಾಹ್ನ

ಚಿನಕುರುಳಿಯ ಅಪ್ಪನಿಗೆ,

ಹೇಗಿದ್ದೀರಿ? ಸೊಂಟನೋವು ಇಳಿಯಿತೇ, ಇಲ್ಲ ಇನ್ನೂ ಹಡಗಿನ ಇಂಜಿನ್ ಕೋಣೆಯಲ್ಲಿ ಬಗ್ಗಿ ಬಗ್ಗಿ ಭಾರ ಎತ್ತುತ್ತಲೇ ಇದ್ದೀರಾ? ನಾನು ಹೊಲಿದು ಕಳಿಸಿದ ಪಟ್ಟಿಯನ್ನು ನೀವು ಕಟ್ಟಿಕೊಳ್ಳುತ್ತಿಲ್ಲ ಅನ್ನುವುದು ಇಲ್ಲಿ ಕೂತೇ ನನಗೆ ಗೊತ್ತಾಗುತ್ತದೆ. ಕಟ್ಟಿಕೊಳ್ಳಿ ಮಾರಾಯರೇ. ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನಿಮ್ಮ ಮಗಳಂತೂ ಎಷ್ಟು ಚೆನ್ನಾಗಿದ್ದಾಳೆಂದರೆ ಅದನ್ನು ಹೇಳುವುದಕ್ಕೇ ಈ ಪತ್ರ ಬರೆಯಬೇಕಾಯಿತು.

ಶನಿವಾರ, ಅವಳು ಜಪ ಮಾಡುತ್ತಿದ್ದ ಆ ಕಾಲೇಜಿನ ಓಪನ್ ಡೇಗೆ, ಅದೇ ಸೇರುವ ಮೊದಲು ಕಾಲೇಜು ನೋಡಲು ಕರೆಯುತ್ತಾರಲ್ಲ, ಅದಕ್ಕೆ ಹೋಗಿಬಂದೆವು. ನನಗೆ ಮನಸ್ಸಿರಲಿಲ್ಲ, ನಿಮಗೂ ಗೊತ್ತು. ಕಲ್ಲು ಮಣ್ಣು ಓದುವುದಕ್ಕೆ ಅಷ್ಟು ದೂರ ಹೋಗಿ ಹಾಸ್ಟೆಲ್ಲಿನಲ್ಲಿ ಬಿದ್ದಿರಬೇಕೇ? ನೀವು ಸಮುದ್ರದಲ್ಲಿ, ಅವಳು ಅಲ್ಲಿ, ನಾನು ಇಲ್ಲಿ ಹೊಲಿಗೆ ಯಂತ್ರದ ಜೊತೆ ಮಾತಾಡಿಕೊಂಡು ಕೂತಿರಬೇಕು. ನನಗೆ ಭಯ ಕಣ್ರೀ, ಅದಕ್ಕಿಂತ ದೊಡ್ಡ ಕಾರಣ ಏನೂ ಇಲ್ಲ. ಆದರೂ ನೀವು ಹೇಳಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. "ಬರೀ ಕಟ್ಟಡ ನೋಡ್ಕೊಂಡು ಬರ್ಬೇಡ ಕಣೇ, ಓದೋ ಮಕ್ಕಳನ್ನ ಮಾತಾಡ್ಸು, ಅವ್ರು ತಿನ್ನೋದನ್ನೇ ತಿನ್ನು, ಬಚ್ಚಲುಮನೆ ಬಾಗ್ಲು ತೆಗ್ದು ನೋಡು" ಅಂದಿದ್ದಿರಲ್ಲ, ಎಲ್ಲ ಮಾಡಿದೆ. ಊಟ ಸಪ್ಪೆ, ಬಚ್ಚಲು ಚೊಕ್ಕಟ. ಎರಡನೇ ವರ್ಷದ ಹುಡುಗಿಯೊಬ್ಬಳನ್ನು ಹಿಡಿದು ನಿಲ್ಲಿಸಿ, ರಜೆ ಸಿಕ್ಕಾಗ ಮನೆಗೆ ಕಳಿಸುತ್ತಾರಾ ಅಂತ ಕೇಳಿದೆ. "ಸರಿಯಾಗಿ ಕರೆದ್ರೆ ಕಳಿಸ್ತಾರೆ ಆಂಟಿ" ಅಂದಳು. ಆಗ ನನಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ.

ಪ್ರಯೋಗಾಲಯದಲ್ಲಿ ಮೇಡಂ ಒಬ್ಬರು ಇವಳ ಕೈಗೆ ಕಲ್ಲಿನ ಚೂರು ಕೊಟ್ಟು ಏನು ಕಾಣುತ್ತದೆ ಅಂತ ಕೇಳಿದರು. ಅಬ್ಬಬ್ಬಾ, ಶುರು ಮಾಡಿದಳು ನೋಡಿ! ಸುತ್ತ ಇದ್ದ ಮಕ್ಕಳೆಲ್ಲ ಇವಳ ಕಡೆಗೇ ತಿರುಗಿದರು. ಅವಳ ಮುಖ ನೋಡಿ ನನಗೆ ಹೆಮ್ಮೆಯೂ ಆಯಿತು, ಇನ್ನು ಇವಳು ನನ್ನ ಕೈಗೆ ಸಿಗುವುದಿಲ್ಲ ಅಂತಲೂ ಅನ್ನಿಸಿತು. ಹೊರಗೆ ಬಂದವಳೇ "ಅಮ್ಮಾ, ಸೀಟು ಸಿಕ್ರೆ ರಜೆಗೂ ಬರಲ್ಲ ನಾನು, ಇಲ್ಲೇ ಇದ್ಬಿಡ್ತೀನಿ" ಅಂದಳು. ತಮಾಷೆಗೇ ಅಂದಳು. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಸೀಟು ಕೊಡುತ್ತಾರಂತೆ, ಬೇಕೋ ಬೇಡವೋ ತಿಂಗಳ ಕೊನೆಯೊಳಗೆ ಹೇಳಬೇಕಂತೆ.

ಆ ಕಾಲೇಜಿನಲ್ಲಿ ಒಂದು ಪದ್ಧತಿ ಇದೆ. ಮಧ್ಯಾಹ್ನದ ಮೇಲೆ ಮಕ್ಕಳನ್ನು ಹಾಸ್ಟೆಲ್ಲಿನ ಮಹಡಿಗೆ ಕರೆದುಕೊಂಡು ಹೋಗಿ, ಒಬ್ಬೊಬ್ಬರಿಗೂ ಒಂದು ಮಂಚ, ಒಂದು ಮೇಜು ಕೊಟ್ಟು, ಇದು ನಿಮ್ಮದೇ ಅಂದುಕೊಂಡು ಸಂಜೆಯವರೆಗೆ ಇರಿ ಅನ್ನುತ್ತಾರೆ. ಅಪ್ಪ ಅಮ್ಮಂದಿರು ಮೇಲೆ ಹೋಗುವಂತಿಲ್ಲ. ಸಂಜೆ ಅಂಗಳದಲ್ಲಿ ನಿಂತು, ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆಯಬೇಕು, ಮಗು ಇಳಿದು ಬರುತ್ತದೆ. ವಾರ್ಡನ್ ಗಟ್ಟಿಮುಟ್ಟಾದ ಹೆಂಗಸು, ಮೆಟ್ಟಿಲ ಬಳಿ ನಿಂತು ಮತ್ತೆ ಮತ್ತೆ ಹೇಳಿದಳು: "ಹೆಸರು ಮಾತ್ರ ಹೇಳಿ. ಹಿಂದೆ ಮುಂದೆ ಏನೂ ಸೇರಿಸ್ಬೇಡಿ." ಬೇಕರಿ ನಡೆಸುವ ಅಪ್ಪನೊಬ್ಬ "ಗುಂಡಾ" ಅಂತ ಕೂಗಿದಾಗ ಕಡ್ಡಿಯಂಥ ಹುಡುಗಿ ಇಳಿದು ಬಂದಳು, ಎಲ್ಲರೂ ನಕ್ಕೆವು. ನನ್ನ ಸರದಿ ಬಂದಾಗ ತಲೆ ಎತ್ತಿ ನೋಡಿದೆ. ಕಿಟಕಿಗಳ ತುಂಬ ಮುಖಗಳು. ಮೇಲೆ ಹೋದ ಮಕ್ಕಳು ಇಷ್ಟೊಂದು ಇರಲಿಲ್ಲವಲ್ಲ ಅನ್ನಿಸಿತು. ಯಾರೂ ಮಿಸುಕುತ್ತಿರಲಿಲ್ಲ, ಯಾರಿಗೂ ಇಳಿದು ಬರುವ ಅವಸರವೇ ಇದ್ದಂತಿರಲಿಲ್ಲ. ನನ್ನ ಮಗಳು ಯಾವ ಕಿಟಕಿಯಲ್ಲೂ ಕಾಣಲಿಲ್ಲ. ಬಸ್ಸು ಹೊರಡುವ ಹೊತ್ತು, ಮೇಲೆ ಆ ಸಿಟ್ಟು ಬೇರೆ ಇತ್ತಲ್ಲ, ಚಿನಕುರುಳೀ ಅನ್ನಬೇಕಾದಲ್ಲಿ ನಾಲಿಗೆ ನನ್ನ ಮಾತು ಕೇಳಲಿಲ್ಲ. "ಅಮ್ಮನ್ನ ಬಿಟ್ಟು ಎಲ್ಲೂ ಹೋಗದೆ ಮನೇಲಿರೋಳು ಯಾವಳಿದ್ದೀಯೋ, ಇಳಿದು ಬಾರೇ!" ಅಂತ ಕೂಗಿಬಿಟ್ಟೆ.

ವಾರ್ಡನ್ ತಟ್ಟನೆ ಮೆಟ್ಟಿಲ ಕಡೆ ತಿರುಗಿದಳು. ಸ್ವಲ್ಪ ಹೊತ್ತಾದ ಮೇಲೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನಿಮ್ಮ ಮಗಳೇ, ಅದೇ ನೀಲಿ ಅಂಗಿ, ಅದೇ ಜಡೆ. ನಗುತ್ತಾ ಬಂದು ನನ್ನ ಕೈಚೀಲ ತೆಗೆದುಕೊಂಡಳು. ವಾರ್ಡನ್ ನನ್ನನ್ನೇ ದಿಟ್ಟಿಸಿ "ಇವಳೇನಾ?" ಅಂದಳು. "ಮತ್ತಿನ್ಯಾರು?" ಅಂದೆ. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು "ಕಾಲೇಜು ಬೇಡ ಅಮ್ಮಾ, ನಿನ್ನ ಜೊತೆ ಹೊಲಿಗೆ ಕಲೀತೀನಿ" ಅಂದಳು.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನು ಕುಣಿದಾಡಬೇಕಿತ್ತು. ಮೊದಲ ದಿನ ಕುಣಿದೆ ಅನ್ನಿ. ನಾನು ಏರಿಗೆಳೆದರೆ ನೀರಿಗೆಳೆಯುತ್ತಿದ್ದ ಹುಡುಗಿ ಈಗ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾಳೆ. ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಲ್ಲ ಗೊತ್ತು. ಮುಟ್ಟದೇ ಇದ್ದ ಬದನೆಕಾಯಿ ತಿಂದಳು. ಬಾಗಿಲು ದಡಾರನೆ ಹಾಕಲಿಲ್ಲ, ಒಂದು ಸಲವೂ ರೇಗಲಿಲ್ಲ. ನಾನು ಎದ್ದರೆ ಏಳುತ್ತಾಳೆ, ಕೂತರೆ ಕೂರುತ್ತಾಳೆ. ನಿನ್ನೆ ಬೇಕೆಂದೇ ಕೆಣಕಿದೆ, "ನಿನ್ನ ಕಲ್ಲುಗಳನ್ನೆಲ್ಲ ಎಸೀತೀನಿ" ಅಂದೆ. "ಎಸಿ ಅಮ್ಮಾ" ಅಂದಳು. ನಾನು ಬಚ್ಚಲುಮನೆಗೆ ಹೋಗಿ ಅತ್ತೆ. ಯಾಕೆ ಅಂತ ಕೇಳಬೇಡಿ, ಬೇಡಿದ್ದು ಸಿಕ್ಕಿದವಳು ಅಳಬಾರದು.

ಈಗ ನೀವು ಹೇಳಿ, ಸೀಟು ಬೇಡ ಅಂತ ತಿಳಿಸಿಬಿಡಲೇ? ಮಕ್ಕಳ ಮನಸ್ಸು ಇಷ್ಟು ಬೇಗ ತಿರುಗುವುದುಂಟೇ? ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಸಮುದ್ರ ನಿಮ್ಮನ್ನು ತಣ್ಣಗೆ ಇಟ್ಟಿರಲಿ.

ನಿಮ್ಮ
ಸಿಡುಕಿ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವ ಹೊತ್ತಿಗೆ ಫೋನ್ ಬಂತು. ಹಾಸ್ಟೆಲ್ಲಿನಿಂದ. "ಅಮ್ಮಾ, ಫೋನ್ ಮಾಡೋಕೆ ಇವತ್ತು ಬಿಟ್ರು. ಸಿಟ್ಟು ಇನ್ನೂ ಇಳೀಲಿಲ್ವಾ? ಎಲ್ರನ್ನೂ ಕರೆದ್ರು, ನೀನು ನನ್ನ ಹೆಸರೇ ಹೇಳ್ಲಿಲ್ಲ. ರಜೆಗೆ ಬರ್ತೀನಿ ಅಮ್ಮಾ, ಸುಮ್ನೆ ಅಂದಿದ್ದೆ ಕಣಮ್ಮಾ" ಅಂತ ಬಿಕ್ಕುತ್ತಿದ್ದಳು. ಅಯ್ಯೋ, ಅದು ನನ್ನ ಚಿನಕುರುಳಿ ರೀ, ಅಳುವಾಗಲೂ ಜಗಳ ಆಡುವವಳು. ಈಗಿನ ಬಸ್ಸಿಗೇ ಹೊರಟಿದ್ದೇನೆ, ಅಂಗಳದಲ್ಲಿ ನಿಂತು ಸರಿಯಾಗಿ ಕರೆಯುತ್ತೇನೆ. ಸೀಟು ಬೇಕು ಅಂತಲೇ ಹೇಳಿಬರುತ್ತೇನೆ. ಇಲ್ಲಿರುವವಳಿಗೆ ನಾನು ಏನೂ ಹೇಳಿರಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಬಂದು ಬಾಗಿಲ ಬಳಿ ನಿಂತಳು. ಸ್ವಲ್ಪವೂ ಸಿಟ್ಟಿಲ್ಲದೆ ಕೇಳಿದಳು: "ಅವಳನ್ನ ಕರ್ಕೊಂಡು ಬಾ ಅಮ್ಮಾ, ಬೇಡ ಅನ್ನಲ್ಲ. ನನ್ನನ್ನೂ ನೀನೇ ತಾನೇ ಕರೆದಿದ್ದು? ನಾನೆಲ್ಲಿಗೆ ಹೋಗ್ಲಿ?"