ಕಾಲಲ್ಲಿ ಇಲಿ

ಮಾರ್ಚ್ ೧೧, ಮಂಗಳವಾರ

ಅತ್ತೆಯ ಕಾಲಿನ ಪ್ಲಾಸ್ಟರ್ ಬಿಚ್ಚಿ ಹದಿನೆಂಟು ದಿನ. ಇವತ್ತು ಬೆಳಿಗ್ಗೆಯೂ ಆ ಕಾಲನ್ನು ನೆಲಕ್ಕೆ ಊರಲಿಲ್ಲ. ಕಂಡವರ ಕಾಲನ್ನೆಲ್ಲ ನಡೆಸುವ ಫಿಸಿಯೋಥೆರಪಿಸ್ಟ್ ನಾನು, ಮನೆಯಲ್ಲಿ ಮಾತ್ರ ಮದ್ದಲ್ಲದ ಹಿತ್ತಲ ಗಿಡ.

ಸಂಜೆ ಅವರ ಕಾಲು ನೀವುತ್ತಾ, ಗಮನ ಬೇರೆ ಕಡೆ ಹೋಗಲಿ ಎಂದು, ಡಿಕ್ಷನರಿಯಲ್ಲಿ ಓದಿದ್ದನ್ನು ಹೇಳಿದೆ. ಸ್ನಾಯುವಿನ ಇಂಗ್ಲಿಷ್ ಹೆಸರು ‘ಮಸಲ್’ ಲ್ಯಾಟಿನ್ನಿನಿಂದ ಬಂದ ಪದ, ಮೂಲದಲ್ಲಿ ಅದಕ್ಕೆ ಪುಟ್ಟ ಇಲಿ ಎಂದರ್ಥ. ತೋಳು ಮಡಚಿದರೆ ಚರ್ಮದಡಿ ಇಲಿ ಓಡಿದಂತೆ ಕಾಣುತ್ತದಲ್ಲ, ಅದಕ್ಕಂತೆ.

ಅತ್ತೆ ಕಾಲು ಎಳೆದುಕೊಂಡರು. “ಇಷ್ಟು ದಿನ ನನ್ನ ಕಾಲಲ್ಲಿ ಇಲಿ ಹುಡುಕ್ತಿದ್ಯೇನೇ? ಇದು ಮೀನಖಂಡ ಕಣೇ. ನಮ್ಮೋರು ಮೀನು ಅಂತ ಎಷ್ಟು ಚೆನ್ನಾಗಿ ಕರೆದಿದ್ದಾರೆ. ಇಲಿಯಂತೆ ಇಲಿ.”

“ಮೀನಾದ್ರೆ ಈಜ್ಬೇಕಲ್ಲ ಅತ್ತೆ. ನಿಮ್ದು ಹದಿನೆಂಟು ದಿನದಿಂದ ದಡದಲ್ಲೇ ಬಿದ್ದಿದೆ.”

ಮೂಗಿನ ತುದಿಯಲ್ಲೇ ಕೋಪ ಅವರಿಗೆ. “ನಿನ್ನ ಹತ್ರ ಯಾರು ಮಾತಾಡ್ತಾರೆ” ಎಂದು ಎದ್ದು ಅಡುಗೆಮನೆಗೆ ಹೊರಟೇಬಿಟ್ಟರು. ಎರಡೂ ಕಾಲಲ್ಲಿ. ನಾನು ಉಸಿರು ಬಿಡದೆ ಎಣಿಸಿದೆ, ಏಳು ಹೆಜ್ಜೆ. ಬಾಗಿಲ ಚೌಕಟ್ಟು ಹಿಡಿದ ಮೇಲೆಯೇ ಅವರಿಗೆ ಹೊಳೆದದ್ದು. ಕಾಲು ನೋಡಿಕೊಂಡರು, ನನ್ನನ್ನು ನೋಡಿದರು, ಬಂದ ನಗುವನ್ನು ನುಂಗಿಕೊಂಡರು.

“ನಾಳೆ ಮೆಟ್ಟಿಲು ಹತ್ತಿಸ್ತೀಯಲ್ಲ, ಮಂಡಿಗೂ ಒಂದು ಅರ್ಥ ನೋಡ್ಕೊಂಡು ಬಾ.”

ನೋಡಿದೆ. ಇಂಗ್ಲಿಷಿನ ‘ನೀ’ ಎಷ್ಟು ಹಿಂದಕ್ಕೆ ಹೋದರೂ ಬರೀ ಮಂಡಿಯೇ. ಇಲಿಯಿಲ್ಲ, ಮೀನಿಲ್ಲ. ಆದರೆ ನಮ್ಮಲ್ಲಿ ಮಂಡಿಚಿಪ್ಪು ಇದೆಯಲ್ಲ. ಚಿಪ್ಪಿದ್ದ ಮೇಲೆ ಒಳಗೊಂದು ಆಮೆ ಇರಲೇಬೇಕು. ಆಮೆ ಅಂದರೆ ಸಾಕು, ಅತ್ತೆ ಮೆಟ್ಟಿಲನ್ನು ಓಡಿಯೇ ಹತ್ತಿಯಾರು.