ಹಳೆ ಡ್ರೈವರ್, ಹೊಸ ಡ್ರೈವರ್, ನನ್ನ ನೆನಪು

ಚಿಕ್ಕಮ್ಮನ ಮಗನೇ, ನನ್ನ ತಮ್ಮಾ ಚೌಡಪ್ಪ,

ಕಲ್ಯಾಣದುರ್ಗದ ನಿನ್ನ ಕಂಪ್ಯೂಟರ್ ಅಂಗಡಿಯಿಂದ ನೀನು ಹಿಂದೂಪುರದ ನನ್ನ ಮನೆಗೆ ಗ್ರಾಫಿಕ್ಸ್ ಕಾರ್ಡ್ ತಂದ ದಿನ ನೆನಪಿದೆಯೇ? ನಾನು ಆಗಷ್ಟೇ ನಿವೃತ್ತಳಾಗಿದ್ದೆ. ಮಂಡಿನೋವು ಬೇರೆ. "ಕೂತ್ಕಂಡೇ ಊರೂರು ಸುತ್ತು ಅಕ್ಕಯ್ಯ" ಎಂದು ಲಾರಿ ಓಡಿಸುವ ಆಟ ಹಾಕಿಕೊಟ್ಟಿದ್ದೆ ನೀನು. ಜೀವಮಾನವೆಲ್ಲ ಇತಿಹಾಸ ಪಾಠ ಹೇಳಿ, ಮುನ್ಸಿಪಾಲಿಟಿಗೆ ಅರ್ಜಿ ಬರೆದವಳು ಮೊದಲ ದಿನವೇ ಟೋಲ್ ಗೇಟಿಗೆ ಗುದ್ದಿದೆ. "ಪೆಟಿಷನ್ ಬರಿಯಾಕೆ ಇಲ್ಲಿ ಮುನ್ಸಿಪಾಲ್ಟಿ ಇಲ್ಲ ಕಣಕ್ಕ, ಬ್ರೇಕ್ ಹಾಕು!" ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಿನ್ನ ಅಪ್ಪ ಮಗ್ಗದ ಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದುದು ನನಗೀಗ ಪದೇಪದೇ ಕಣ್ಣಿಗೆ ಬರುತ್ತದೆ. ಹೊಸದಾಗಿ ಬಣ್ಣ ಹಾಕಿದ ನೂಲು ಬಂದರೆ ಚಿಕ್ಕಪ್ಪ ಅದನ್ನು ಹಾಗೇ ಮಗ್ಗಕ್ಕೆ ಏರಿಸುತ್ತಿರಲಿಲ್ಲ. ಹಳೆಯ ನೂಲಿನ ಒಂದು ತುಂಡನ್ನು ಅದರ ಪಕ್ಕಕ್ಕೆ ಕಟ್ಟಿ, ಬೆಳಗಿನ ಬೆಳಕಲ್ಲಿ, ಅದೇ ಬಾಗಿಲಲ್ಲಿ ಹಿಡಿದು ನೋಡುತ್ತಿದ್ದರು. ಹಳೇ ಬಣ್ಣ ನಿಮಗೆ ನೆನಪಿಲ್ಲವೇ ಎಂದು ನಾನು ಕೇಳಿದರೆ, "ನೆಪ್ಪಿಗೆ ಬಣ್ಣ ಗೊತ್ತಾಗಕಿಲ್ಲ ಕಣಮ್ಮ" ಎನ್ನುತ್ತಿದ್ದರು. ನೀನು ಮಗ್ಗ ಬಿಟ್ಟೆ, ಆ ಬಾಗಿಲನ್ನು ಬಿಡಲಿಲ್ಲ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಆ ಡ್ರೈವರ್, ಹೊಸದು ಬಂದಾಗಲೆಲ್ಲ ಅದೇ ಆಟ, ಅದೇ ರಸ್ತೆ, ಅದೇ ಹೊತ್ತು. ಹಳೆಯದರಲ್ಲಿ ಮೂರು ಸಲ, ಹೊಸದರಲ್ಲಿ ಮೂರು ಸಲ ನೀನು ಓಡಿಸುತ್ತಿದ್ದೆ. ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತವೆ (ಹೆಚ್ಚು ಬಂದಷ್ಟೂ ಓಟ ಸರಾಗ) ಎಂದು ನೋಟ್‌ಬುಕ್ಕಲ್ಲಿ ಬರೆದು, ನಮ್ಮ ಆಟದವರ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೆ. ರೊದ್ದಂ, ಬೆಳುಗುಪ್ಪ, ಸೆಟ್ಟೂರಿನವರೆಲ್ಲ ಹಳೇ ಕಾರ್ಡುಗಳವರು. ನೀನು "ಹಾಕ್ಕಳ್ರಪ್ಪ" ಅಂದರೆ ಹಾಕಿಕೊಳ್ಳುತ್ತಿದ್ದರು, "ಬ್ಯಾಡ" ಅಂದರೆ ಬಿಡುತ್ತಿದ್ದರು.

ಆ ಭಾನುವಾರ ನೀನು "ಹೊಸದು ಚೆನ್ನಾಗೈತೆ, ಎರಡು ಜಾಸ್ತಿ" ಎಂದು ಹಾಕಿದ್ದೆ. ನಾನೂ ಹಾಕಿಕೊಂಡೆ. ಲಾರಿ ತಡವರಿಸತೊಡಗಿತು, ತಿರುವಿನಲ್ಲಿ ಚಿತ್ರ ನಿಂತು ನಿಂತು ಹೋಗತೊಡಗಿತು. ನನಗೆ ಸಿಟ್ಟು ಬರಲು ಎಷ್ಟು ಹೊತ್ತು ಬೇಕು? ಯಾವ ಚುನಾವಣೆಯಲ್ಲಿ ಯಾರು ಯಾವ ಬೀದಿಗೆ ನಲ್ಲಿ ಕೊಡುತ್ತೇನೆಂದು ಹೇಳಿದ್ದರು ಎಂದು ಇಂದಿಗೂ ಒಪ್ಪಿಸಬಲ್ಲವಳು ನಾನು. ಕಾರ್ಡ್ ಮಾಡುವವರು ಹಳೆಯದನ್ನು ಬೇಕೆಂದೇ ನಿಧಾನ ಮಾಡುತ್ತಾರೆ, ನಮ್ಮಿಂದ ಹೊಸದು ಕೊಳ್ಳಿಸುತ್ತಾರೆ ಎಂದು ಗ್ರೂಪಿನಲ್ಲಿ ಉದ್ದಕ್ಕೆ ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಅಂಗಡಿಯವರು ಹಾಕುವ ಅಂಕಿಗಳನ್ನು ನಂಬುವ ಮುನ್ನ ಹೊಸ ಕಾರ್ಡ್ ಮಾರಿದರೆ ಲಾಭ ಯಾರಿಗೆ ಎಂದು ಯೋಚಿಸಿ" ಎಂದೂ ಬರೆದೆ. ನಿನ್ನ ಹೆಸರು ಹಾಕಲಿಲ್ಲ. ಹಾಕಬೇಕಿತ್ತೇ? ಆ ಗ್ರೂಪಿನಲ್ಲಿ ಅಂಗಡಿಯವನು ನೀನೊಬ್ಬನೇ.

ನೀನು ಫೋನು ಮಾಡಿದೆ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಈಗ ಚುಚ್ಚುತ್ತದೆ.

"ಸೆಟ್ಟಿಂಗ್ಸ್ ಏನಾರ ಮುಟ್ಟಿದ್ಯಾ ಅಕ್ಕಯ್ಯ?"

"ಇಲ್ಲ ಕಣೋ. ನಾನು ಮುಟ್ಟಿದ್ದು ನನಗೇ ನೆಪ್ಪಿರಲ್ವಾ?"

"ಒಂದ್ಸಲ ಹಳೇದ್ ಹಾಕಿ ಓಡ್ಸಿ ನೋಡು. ಬರ್ಕೊ."

"ಬರ್ಕೊಳ್ಳಾಕೆ ನನಗೇನು ಅರಳುಮರಳಾ?"

"ಸರ್ಲೇ ಅಕ್ಕಯ್ಯ, ಬಿಡು" ಎಂದು ನೀನು ಫೋನಿಟ್ಟೆ. ಅತ್ತ ಗ್ರೂಪಿನಲ್ಲಿ ರೊದ್ದಂನವರೊಬ್ಬರು "ಟೀಚರಮ್ಮ ಚೆಪ್ತೆ ಅಬದ್ಧಂ ಉಂಟುಂದಾ?" ಎಂದು ಬರೆದರು. ಟೀಚರಮ್ಮ ಹೇಳಿದ್ದರಲ್ಲಿ ಸುಳ್ಳಿರುತ್ತದೆಯೇ! ನನಗೆ ಖುಷಿಯಾಯಿತು ಚೌಡಪ್ಪ. ಹೌದು, ಖುಷಿಯಾಯಿತು. ಮುಂದಿನ ಡ್ರೈವರ್ ಬಂತು, ಅದರ ಮುಂದಿನದೂ ಬಂತು; ನೀನು ಮತ್ತೆ ಅಂಕಿ ಹಾಕಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ ಎದೆನೋವು ಅಂದವನು ನೀನು ಆಸ್ಪತ್ರೆ ಮುಟ್ಟಲಿಲ್ಲ. ನಿನ್ನ ತಿಥಿ ಮುಗಿದ ಮಾರನೇ ದಿನ ನಿನ್ನ ಹೆಂಡತಿ ಲಕ್ಷ್ಮೀದೇವಿ ನಿನ್ನ ನೋಟ್‌ಬುಕ್ ತಂದು ಕೈಗಿಟ್ಟಳು. "ಇದ್ನ ಅಕ್ಕಯ್ಯಂಗೆ ತೋರಿಸ್ಬೇಕು ಅಂತಿದ್ರು. ಏನೇನೋ ನಂಬರ್ ಬರ್ದವ್ರೆ, ನಂಗೆ ತಿಳಿಯಕಿಲ್ಲ" ಎಂದಳು. ಕೊನೆಯ ಪುಟ ತೆರೆದೆ. ನಿನ್ನ ದಪ್ಪ ಅಕ್ಷರ: "ಅಕ್ಕಯ್ಯನ ಕಾರ್ಡಿನಂಥದೇ ಕಾರ್ಡು. ಹಳೆ ಡ್ರೈವರ್ 54. ಹೊಸದು 56. ಲಾರಿ ಕನ್ನಡಿ ಪೂರ್ತಿ ಏರಿಸಿದರೆ ಹಳೆಯದು 37, ಹೊಸದು 38. ಅಕ್ಕಯ್ಯ ಕನ್ನಡಿ ಏರಿಸಿರಬೇಕು. ಗ್ರೂಪಲ್ಲಿ ಹಾಕೋದು ಬ್ಯಾಡ. ಮನೆಗೇ ಹೋಗಿ ಹೇಳ್ಬೇಕು."

ಆ ಪುಟ ನೋಡುತ್ತಿದ್ದಂತೆಯೇ ಎಲ್ಲ ನೆನಪಾಯಿತು. ಆ ಭಾನುವಾರದ ಹಿಂದಿನ ಸಂಜೆ, ಲಾರಿಯ ಪಕ್ಕದ ಕನ್ನಡಿಯಲ್ಲಿ ಹಿಂದಿನ ರಸ್ತೆ ಮಸುಕಾಗಿ ಕಾಣುತ್ತದೆ ಎಂದು ಸೆಟ್ಟಿಂಗ್ಸ್‌ಗೆ ಹೋಗಿ ಕನ್ನಡಿಯ ಗುಣಮಟ್ಟವನ್ನು ತುದಿಗೆ ಏರಿಸಿ, ಮತ್ತೆ ಓಡಿಸಿ ನೋಡದೆ ಆಟ ಮುಚ್ಚಿದವಳು ನಾನೇ. ಮರೆತಿದ್ದೆನೋ, ಇಲ್ಲಾ ನೆನಪಾಗಲು ಬಿಡಲಿಲ್ಲವೋ… ನೀನು ಒಂದು ದಿನ ಬಂದಿದ್ದೆಯಲ್ಲ, ಬಿಡಿಭಾಗ ಕೊಳ್ಳಲು ಹಿಂದೂಪುರಕ್ಕೆ ಬಂದೆ ಎಂದು? ಕಾಫಿ ಕುಡಿಯುತ್ತ ಎರಡು ಸಲ "ಅಕ್ಕಯ್ಯ, ಒಂದ್ ಮಾತು" ಎಂದೆ. ಎರಡು ಸಲವೂ ನಾನು ಕಂಪನಿಗಳ ಮೋಸದ ಬಗ್ಗೆ ಭಾಷಣ ಹಿಡಿದೆ. ನಿನ್ನ ಚೀಲದಲ್ಲಿ ಈ ನೋಟ್‌ಬುಕ್ ಇತ್ತು ಅಲ್ಲವೇ? ನನ್ನ ಮಾತು ಮುಗಿಯಲಿ ಎಂದು ಕಾದು, ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದೆ.

ನಾಲ್ಕು ಮಂದಿಯ ಮುಂದೆ ನಿನ್ನ ಮಾತಿನ ಮರ್ಯಾದೆ ಕಳೆದೆ ನಾನು. ಅದೇ ನಾಲ್ಕು ಮಂದಿಯ ಮುಂದೆ ನನ್ನದು ಹೋಗದಿರಲಿ ಎಂದು ನೀನು ಸುಮ್ಮನಾದೆ. ಮುನ್ಸಿಪಾಲಿಟಿಯವರು ತಪ್ಪೊಪ್ಪಿಕೊಳ್ಳುವುದಿಲ್ಲ ಎಂದು ಪತ್ರಿಕೆಗೆ ಎಷ್ಟು ಪತ್ರ ಬರೆದಿದ್ದೇನೆ! ನನ್ನ ಒಂದು ಸಾಲಿನ ತಪ್ಪು ಬರೆಯಲು ನೋಟ್‌ಬುಕ್ ಕೈಗೆ ಬಂದ ಮೇಲೂ ಹದಿನೇಳು ದಿನ ಹಿಡಿಯಿತು.

ಇವತ್ತು ಬೆಳಿಗ್ಗೆ ಬರೆದೆ. ನಿನ್ನ ಆ ಪುಟದ ಫೋಟೊ ಹಾಕಿ, ಕೆಳಗೆ, "ಚೌಡಪ್ಪನ ಅಂಕಿ ಸರಿ. ಕನ್ನಡಿ ಏರಿಸಿದ್ದು ನಾನು. ಅವನ ಮೇಲೆ ಅನುಮಾನ ಹುಟ್ಟಿಸಿದ್ದೂ ನಾನು" ಎಂದೆ. ಆ ರೊದ್ದಂನವರೇ ಕೇಳಿದರು: "ಮೊನ್ನೆ ಬಂದ ಹೊಸ ಡ್ರೈವರ್ ಹಾಕೋಬೋದಾ ಟೀಚರಮ್ಮ? ಯಾರೂ ನೋಡಿಲ್ವಲ್ಲ."

ನೋಡಿದೆ. ನಿನ್ನದೇ ರಸ್ತೆ, ಮೂರು ಸಲ ಹಳೆಯದು, ಮೂರು ಸಲ ಹೊಸದು. ನಿನ್ನ ಪುಟದ ಹಿಂಬದಿಯಲ್ಲಿ ಬರೆದಿದ್ದೇನೆ. ಇನ್ನು ಮುಂದೆ ಬರುವುದನ್ನೂ ಅಲ್ಲಿಯೇ ಬರೆಯುತ್ತೇನೆ. ಹಳೆಯದು, ನೀನು ಚೆನ್ನಾಗೈತೆ ಅಂದದ್ದು, 56. ಹೊಸದು 53. ಬೇಡ ಎಂದು ಹೇಳಿದ್ದೇನೆ ಅವರಿಗೆ.

ಕನ್ನಡಿ ಇಳಿಸಿದ್ದೇನೆ ಕಣೋ. ಬೇರೇನೂ ಮುಟ್ಟಿಲ್ಲ.

ನಿನ್ನ
ಅಕ್ಕಯ್ಯ